ಒಡೆತನ ಬಿಟ್ಟ ನುಡಿ, ಹೊಣೆ ಹೊತ್ತ ನುಡಿ

ಧರ್ಮದ ನೆಲೆಯಲ್ಲಿ ಹುಟ್ಟುವ ನುಡಿ ಒಬ್ಬನ ಅಂತರಂಗದ ಫಲವೋ, ಹಲವರ ಒಡನಾಟದ ಫಲವೋ ಎಂಬ ಪ್ರಶ್ನೆ ಭಾರತೀಯ ಚಿಂತನೆಯಲ್ಲಿ ಬಹಳ ಹಳೆಯದು. ದೈವಾನುಭವವು ಅದನ್ನು ಪಡೆದವನಿಗೆ ಮಾತ್ರ ಗೋಚರವಾಗುವಂಥದು ಎಂದು ಒಪ್ಪಿಕೊಂಡರೆ, ಅದನ್ನು ಹೇಳುವ ಮಾತನ್ನು ಹಲವರು ಕೂಡಿ ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಅದು ಯಾರ ಮಾತಾಗುತ್ತದೆ, ಅದರಲ್ಲಿ ತಪ್ಪಿದ್ದರೆ ಉತ್ತರ ಕೊಡಬೇಕಾದವರು ಯಾರು ಎಂಬ ತೊಡಕುಗಳು ಒಂದರ ಹಿಂದೆ ಒಂದು ಏಳುತ್ತವೆ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಈ ಪ್ರಶ್ನೆಗೆ ಬದುಕಿನ ಮೂಲಕವೇ ಉತ್ತರ ಹುಡುಕಿದವರ ಸಾಲು ದೊಡ್ಡದಿದೆ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು, ಅದೇ ತಾಲೂಕಿನ ಶಿಶುವಿನಹಾಳದ ಶರೀಫರು, ಹಿರೇಕೆರೂರು ತಾಲೂಕಿನ ಅಬಲೂರಿನ ಸರ್ವಜ್ಞ, ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಬೇರೆ ಬೇರೆ ಕಾಲದವರಾದರೂ, ಅವರ ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ತತ್ತ್ವ ಸ್ಪಷ್ಟವಾಗುತ್ತದೆ: ಕೂಡಿ ನುಡಿಯುವವರು ನುಡಿಯ ಮೇಲಿನ ಒಡೆತನವನ್ನು ಬಿಡಬೇಕು, ಅದರ ಹೊಣೆಯನ್ನು ಮಾತ್ರ ಬಿಡಬಾರದು.

ಏಕಾಂತವನ್ನೇ ಸತ್ಯದ ತವರೆಂದು ಬಗೆಯುವ ಪಕ್ಷವೂ ಬಲವಾದದ್ದೇ. ಗುಹೆ, ಅರಣ್ಯ, ಮೌನ ಇವುಗಳಿಗೆ ಸಾಧಕರ ಚರಿತ್ರೆಯಲ್ಲಿ ಇರುವ ಸ್ಥಾನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಏಕಾಂತಕ್ಕೆ ಒಂದು ಮಿತಿಯಿದೆ. ತನಗೆ ಕಂಡದ್ದು ನಿಜವೋ ಭ್ರಮೆಯೋ ಎಂಬುದನ್ನು ಒಬ್ಬನೇ ಕುಳಿತು ತೀರ್ಮಾನಿಸುವುದು ಕಷ್ಟ, ಏಕೆಂದರೆ ಪರೀಕ್ಷೆಗೆ ಒಳಗಾಗಬೇಕಾದ ಮನಸ್ಸೇ ಅಲ್ಲಿ ಪರೀಕ್ಷಕನ ಪೀಠದಲ್ಲೂ ಕುಳಿತಿರುತ್ತದೆ. ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ, ಸಜ್ಜನರ ಗೆಳೆತನವು ಸಾಧನೆಯ ಅರ್ಧಭಾಗವೆಂದು ಆನಂದನು ಹೇಳಿದಾಗ ಬುದ್ಧನು ಅವನನ್ನು ತಿದ್ದಿ, ಅದು ಸಾಧನೆಯ ಪೂರ್ಣಭಾಗವೇ ಎಂದು ತಿಳಿಸುವ ಪ್ರಸಂಗವಿದೆ. ಒಬ್ಬರ ದಾರಿಯನ್ನು ಇನ್ನೊಬ್ಬರು ಎಚ್ಚರದಿಂದ ಕಾಯುವ ಈ ಸ್ನೇಹಕ್ಕೆ ಬೌದ್ಧರು ಕಲ್ಯಾಣಮಿತ್ರತೆ ಎನ್ನುತ್ತಾರೆ. ಅನುಭವವು ಒಬ್ಬನದೇ ಆಗಿದ್ದರೂ ಅದರ ಒರೆಗಲ್ಲು ಹಲವರ ಕೈಯಲ್ಲಿರುತ್ತದೆ ಎಂಬುದು ಇದರ ತಾತ್ಪರ್ಯ.

ಕನ್ನಡದ ಭಕ್ತಿ ಪರಂಪರೆ ಈ ಒಡನಾಟಕ್ಕೆ ಒಂದು ಕಟ್ಟಳೆಯನ್ನು ರೂಪಿಸಿಕೊಂಡಿತು. ಅದು ಅಂಕಿತ, ಅಂದರೆ ರಚನೆಯ ಕೊನೆಯ ಭಾಗದಲ್ಲಿ ಬರುವ ಮುದ್ರೆಯ ಹೆಸರು. ಹದಿನಾರನೆಯ ಶತಮಾನದ ಕನಕದಾಸರ ಕೀರ್ತನೆಗಳು ಕಾಗಿನೆಲೆ ಆದಿಕೇಶವನ ಹೆಸರಿನಲ್ಲಿ ಮುಗಿಯುತ್ತವೆ. ಪುರಂದರದಾಸರ ಕೀರ್ತನೆಗಳು ಪುರಂದರವಿಠಲನ ಹೆಸರಿನಲ್ಲಿ. ಪಲ್ಲವಿ, ಅನುಪಲ್ಲವಿ, ಚರಣಗಳ ವಿನ್ಯಾಸವೂ ರಾಗತಾಳಗಳೂ ಪುರಾಣದ ಕಥೆಗಳೂ ಇಡೀ ದಾಸಕೂಟದ ಸಮಾನ ಸೊತ್ತಾಗಿದ್ದು, ಒಬ್ಬರು ಹಾಡಿದ ಭಾವವನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆಸುವುದು ಅಲ್ಲಿ ದೋಷವೆನಿಸಲಿಲ್ಲ. ಹರಿದಾಸ ಸಂಪ್ರದಾಯದಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವ ಪದ್ಧತಿಯಿರುವುದರಿಂದ, ನುಡಿಯುವ ಅಧಿಕಾರವೇ ಇನ್ನೊಬ್ಬರ ಕೈಯಿಂದ ಬರುತ್ತದೆ. ಹೀಗೆ ಪಡೆದ ಹೆಸರು ದೇವರದಾದ್ದರಿಂದ ಕವಿಗೆ ಕೃತಿಯ ಮೇಲೆ ಸ್ವಾಮ್ಯವಿಲ್ಲ. ಆದರೂ ಪ್ರತಿಯೊಬ್ಬರ ಅಂಕಿತ ಬೇರೆಯಾದ್ದರಿಂದ ಯಾವ ಮಾತು ಯಾರ ಬಾಯಿಂದ ಬಂತು ಎಂಬ ಗುರುತು ಅಳಿಯುವುದಿಲ್ಲ. ಕುರುಬರ ಕುಲದಲ್ಲಿ ಹುಟ್ಟಿದ ಕನಕದಾಸರನ್ನು ಒಳಗೊಳ್ಳಲು ಅಂದಿನ ಕೆಲವರು ಒಪ್ಪಲಿಲ್ಲವೆಂದು ಪರಂಪರೆಯ ಕಥೆಗಳು ಹೇಳುತ್ತವೆ. ಭತ್ತ ಮತ್ತು ರಾಗಿಗಳ ಜಗಳವನ್ನು ರಾಮನ ಮುಂದಿಟ್ಟು ರಾಗಿಯ ಹಿರಿಮೆಯನ್ನು ಸ್ಥಾಪಿಸುವ ಅವರ ರಾಮಧಾನ್ಯಚರಿತ್ರೆಯನ್ನು ಆ ಹಿನ್ನೆಲೆಯಲ್ಲಿ ಓದಿದರೆ, ಕೂಟದ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ ಕೂಟದ ಗುಣವನ್ನೇ ನಿರ್ಣಯಿಸುತ್ತದೆ ಎಂಬುದು ಮನವರಿಕೆಯಾಗುತ್ತದೆ.

ಅಂಕಿತವೆಂದರೆ ದೇವರ ಹೆಸರೇ ಆಗಬೇಕೆಂಬ ನಿಯಮವಿತ್ತೇ ಎಂದು ಕೇಳಬಹುದು. ಇದೇ ಜಿಲ್ಲೆಯ ಚೌಡದಾನಪುರದೊಂದಿಗೆ ಹೆಸರು ಬೆಸೆದುಕೊಂಡಿರುವ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೂ ದೋಣಿ ನಡೆಸುವ ಕಾಯಕವನ್ನೂ ಅಂಕಿತವಾಗಿ ಇಟ್ಟುಕೊಂಡನು. ಇದನ್ನು ಅಹಂಕಾರವೆಂದು ತಿಳಿಯಲು ಕಾರಣವಿಲ್ಲ. ಕಟುವಾದ ಮಾತನ್ನಾಡುವವನು ದೇವರ ಹೆಸರಿನ ಮರೆಯಲ್ಲಿ ನಿಲ್ಲದೆ, ಆಡಿದವನು ತಾನೇ ಎಂದು ಎದುರಿಗೆ ಬಂದು ನಿಲ್ಲುವುದು ಹೊಣೆಗಾರಿಕೆಯ ಅತ್ಯಂತ ನೇರವಾದ ರೂಪ. ದಾಸರ ಅಂಕಿತದಲ್ಲಿ ಒಡೆತನದ ತ್ಯಾಗ ಎದ್ದು ಕಂಡರೆ, ಚೌಡಯ್ಯನ ಅಂಕಿತದಲ್ಲಿ ಹೊಣೆಯ ಸ್ವೀಕಾರ ಎದ್ದು ಕಾಣುತ್ತದೆ.

ಈ ಎರಡೂ ಗುಣಗಳು ಅತ್ಯಂತ ಆಪ್ತವಾಗಿ ಕೂಡಿಕೊಂಡದ್ದು ಶಿಶುನಾಳ ಶರೀಫರಲ್ಲಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಮುಸಲ್ಮಾನರು. ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂಬುದು ಜನಪ್ರತೀತಿ. ಆದರೆ ಈ ಗುರುಶಿಷ್ಯರ ಸಂಬಂಧದಲ್ಲಿ ಯಾರೂ ತಮ್ಮದನ್ನು ಕಳೆದುಕೊಳ್ಳಲಿಲ್ಲ ಎಂಬುದು ಮುಖ್ಯ. ಶರೀಫರು ಶಿಶುನಾಳಾಧೀಶನ ಅಂಕಿತದಲ್ಲಿ ತತ್ವಪದಗಳನ್ನು ಕಟ್ಟಿದಂತೆಯೇ ಮೊಹರಂನ ಅಲಾವಿ ಪದಗಳನ್ನೂ ಕಟ್ಟಿದರು. ಗುರು ಗೋವಿಂದನ ಹೆಸರನ್ನು ಹಾಡಿನಲ್ಲಿ ಮತ್ತೆ ಮತ್ತೆ ನೆನೆದರು. ಕೂಡಿ ನಡೆಯುವುದಕ್ಕೆ ಭೇದಗಳೆಲ್ಲ ಕರಗಿ ಒಂದಾಗಬೇಕೆಂಬ ಭಾವನೆ ಸಾಮಾನ್ಯವಾದುದು. ಈ ಸಂಬಂಧವು ಭೇದವನ್ನು ಉಳಿಸಿಕೊಂಡೇ ಆಪ್ತವಾಗಬಹುದೆಂದು ತೋರಿಸಿತು.

ಶರೀಫರ ಪದಗಳು ಉಳಿದುಬಂದ ರೀತಿಯನ್ನು ಹತ್ತಿರದಿಂದ ಗಮನಿಸುವುದು ಅಗತ್ಯ. ಅವು ಮೊದಲು ಉಳಿದದ್ದು ಊರೂರಿನ ಭಜನಾ ಮೇಳಗಳ ಕೊರಳಲ್ಲಿ. ಮೇಳದ ಹಿರಿಯನು ಏಕತಾರಿ ಮೀಟುತ್ತ ಪಲ್ಲವಿಯನ್ನು ಎತ್ತಿಕೊಟ್ಟರೆ, ಹಿಮ್ಮೇಳದವರು ತಾಳ, ದಮ್ಮಡಿಗಳೊಂದಿಗೆ ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಒಂದು ನುಡಿ ಮುಗಿಯುತ್ತಲೇ ಮುಂದಿನದನ್ನು ಮರೆತವನಿಗೆ ಪಕ್ಕದವನು ಎತ್ತಿಕೊಡುತ್ತಾನೆ. ಒಂದೂರಿನ ಧಾಟಿ ಇನ್ನೊಂದೂರಿನಲ್ಲಿ ತುಸು ಬದಲಾಗುತ್ತದೆ. ಸೋರುವ ಮಾಳಿಗೆ, ಬೀಸುವ ಕಲ್ಲು ಮುಂತಾದ ಮನೆಯೊಳಗಿನ ವಸ್ತುಗಳ ಮೂಲಕ ದೇಹದ ನಶ್ವರತೆಯನ್ನು ಹೇಳುವ ಒಗಟಿನಂಥ ಮಾತನ್ನು, ಹಾಡು ನಿಲ್ಲಿಸಿ, ಬಲ್ಲವರು ಬಿಡಿಸಿ ಹೇಳುವುದೂ ಉಂಟು. ಕೊನೆಯ ನುಡಿಯಲ್ಲಿ ಅಂಕಿತ ಬಂದಾಗ ಅದನ್ನು ಬದಲಿಸುವ ಸ್ವಾತಂತ್ರ್ಯವನ್ನು ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ. ರಾಗದಲ್ಲಿ, ಧಾಟಿಯಲ್ಲಿ, ವ್ಯಾಖ್ಯಾನದಲ್ಲಿ ಎಲ್ಲರಿಗೂ ಪಾಲಿದೆ. ಮೂಲದ ಋಣವನ್ನು ಹೇಳುವುದರಲ್ಲಿ ಯಾರಿಗೂ ವಿನಾಯಿತಿಯಿಲ್ಲ.

ಒಡೆತನದ ಜೊತೆಗೆ ಹೊಣೆಯೂ ಹೊರಟುಹೋದರೆ ಆಗುವುದೇನು ಎಂಬುದನ್ನು ಸರ್ವಜ್ಞನ ತ್ರಿಪದಿಗಳ ಚರಿತ್ರೆ ತೋರಿಸುತ್ತದೆ. ತ್ರಿಪದಿ ಎಂದರೆ ಮೂರು ಸಾಲಿನ ಅಚ್ಚಗನ್ನಡ ಪದ್ಯ. ಬಾಯಿಂದ ಬಾಯಿಗೆ ಸಾಗಲು ಅನುಕೂಲವಾದ ಈ ಬಂಧದಲ್ಲಿ, ಕೊನೆಗೆ ಸರ್ವಜ್ಞನ ಹೆಸರನ್ನು ಜೋಡಿಸಿದರೆ ಯಾರ ಮಾತೂ ಅವನ ಮಾತಾಗಿ ಚಲಾವಣೆಗೆ ಬರುವುದು ಸುಲಭವಾಯಿತು. ಜಾತಿಭೇದವನ್ನು ಖಂಡಿಸುವ ಪದ್ಯಗಳ ಪಕ್ಕದಲ್ಲೇ ಒಂದೊಂದು ಜಾತಿಯನ್ನು ಹೀಗಳೆಯುವ ಪದ್ಯಗಳೂ ಅದೇ ಹೆಸರಿನಲ್ಲಿ ಸೇರಿಕೊಂಡವು. ಇಲ್ಲಿ ಜನರು ತಮ್ಮ ಹೆಸರನ್ನು ಬಿಟ್ಟರೆಂಬುದು ನಿಜ, ಆದರೆ ಆ ತ್ಯಾಗದಲ್ಲಿ ತಮ್ಮ ಮಾತಿಗೆ ಉತ್ತರ ಕೊಡುವ ಕರ್ತವ್ಯದಿಂದಲೂ ಪಾರಾದರು. ಈ ಗೊಂದಲವನ್ನು ತಿಳಿಯಾಗಿಸಲು ದುಡಿದವರು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು. ಹಸ್ತಪ್ರತಿಗಳನ್ನು ಹುಡುಕಿ ತಂದು, ಪಾಠಾಂತರಗಳನ್ನು, ಅಂದರೆ ಒಂದೇ ಪದ್ಯದ ಬೇರೆ ಬೇರೆ ರೂಪಗಳನ್ನು, ಹೋಲಿಸಿ ಅವರು ಸಿದ್ಧಪಡಿಸಿದ ಸರ್ವಜ್ಞನ ವಚನಗಳ ಸಂಗ್ರಹ 1924ರಲ್ಲಿ ಪ್ರಕಟವಾಯಿತು. ಬೇರೊಂದು ಧರ್ಮದ ಕವಿಯ ಮಾತನ್ನು ತನ್ನದರಷ್ಟೇ ಜತನದಿಂದ ಶೋಧಿಸಿದ ಈ ಕೆಲಸವು ಕಾಲಾಂತರದಲ್ಲಿ ನಡೆದ ಒಡನಾಟವೇ ಆಗಿದ್ದು, ಸಂಪಾದಕನು ಮಾತಿಗೆ ಅದರ ಹೊಣೆಯನ್ನು ಮರಳಿ ಕೊಡುವವನು ಎಂಬುದನ್ನು ಸ್ಥಾಪಿಸಿತು.

ಈ ತತ್ತ್ವ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. 1604ರಲ್ಲಿ ಗುರು ಅರ್ಜನರು ಸಂಕಲಿಸಿದ ಸಿಖ್ಖರ ಆದಿಗ್ರಂಥದಲ್ಲಿ ನಾನಕರ ನಂತರದ ಗುರುಗಳೂ ನಾನಕ ಎಂಬ ಅಂಕಿತದಲ್ಲೇ ಪದ ರಚಿಸಿದ್ದಾರೆ. ಹಾಗಿದ್ದೂ ಪ್ರತಿ ರಚನೆಯ ಮೊದಲಿಗೆ ಮಹಲಾ ಎಂಬ ಮಾತಿನ ಜೊತೆಗೆ ಎಷ್ಟನೆಯ ಗುರು ಅದನ್ನು ರಚಿಸಿದರೆಂಬ ಅಂಕಿಯನ್ನು ನಮೂದಿಸಲಾಗಿದೆ. ಕಬೀರ, ನಾಮದೇವ, ರವಿದಾಸ, ಶೇಖ್ ಫರೀದ್ ಮುಂತಾದವರ ಪದಗಳು ಅವರವರ ಹೆಸರಿನಲ್ಲೇ ಅಲ್ಲಿ ಸ್ಥಾನ ಪಡೆದಿವೆ. ಹೆಸರು ಎಲ್ಲರದು, ಹೊಣೆ ಅವರವರದು ಎಂಬ ವ್ಯವಸ್ಥೆ ಇದಕ್ಕಿಂತ ಸ್ಫುಟವಾಗಿ ಬೇರೆಡೆ ಕಾಣುವುದು ಅಪರೂಪ.

ಒಡನಾಟವು ಪಕ್ಷವಾಗಿ ಗಟ್ಟಿಗೊಳ್ಳುವ ಅಪಾಯವನ್ನೂ ಇಲ್ಲಿ ವಿಚಾರಿಸಬೇಕು. ನ್ಯಾಯಶಾಸ್ತ್ರವು ಚರ್ಚೆಯಲ್ಲಿ ಮೂರು ಬಗೆಗಳನ್ನು ಗುರುತಿಸುತ್ತದೆ: ತತ್ತ್ವ ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ಗುರಿಯಾದದ್ದು ವಿತಂಡ. ಶಿಷ್ಯ, ಗುರು, ಸಹಪಾಠಿ ಮೊದಲಾದ ಅಸೂಯೆಯಿಲ್ಲದವರೊಡನೆ ವಾದ ನಡೆಸಬೇಕೆಂದು ನ್ಯಾಯಸೂತ್ರ ವಿಧಿಸುತ್ತದೆ. ಗೆಲುವೇ ಗುರಿಯಾದ ಎದುರುಬದುರಿಗೆ ನಿದರ್ಶನವಾಗಿ, ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು 1200ರ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ನಿರೂಪಿಸುತ್ತದೆ: ಜೈನರೊಡನೆ ಪಣ ಕಟ್ಟಿ ಅವನು ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಕೊನೆಗೆ ಅರಸ ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಅದು ಹೇಳುತ್ತದೆ. ಭಕ್ತನ ನಿಷ್ಠೆಯ ದೃಷ್ಟಿಯಿಂದ ಆ ಕಥೆ ಉಜ್ವಲವಾದುದೇ. ಆದರೆ ಪಣವಿಟ್ಟ ಕಡೆ ಒಬ್ಬರು ಸೋಲಲೇಬೇಕು, ಸೋತವರ ಮಾತನ್ನು ಯಾರೂ ಕೇಳುವುದಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿ ಮುಂದೆ ಮೂವರು ಪರಿಷ್ಕರಿಸಿದ ಈ ಕೃತಿ, ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳನ್ನು ಸಂವಾದವಾಗಿ ಹೆಣೆಯುತ್ತದೆ. ಅಲ್ಲಿ ಅಲ್ಲಮನ ಪ್ರಶ್ನೆಗಳು ಎದುರಿನವರನ್ನು ಇನ್ನೂ ಆಳಕ್ಕೆ ನಡೆಸುತ್ತವೆಯೇ ಹೊರತು ಹೊರಗೆ ಹಾಕುವುದಿಲ್ಲ. ಸಂಕಲನಕಾರರು ಬೇರೆಯವರ ಅಂಕಿತಗಳನ್ನು ಹಾಗೆಯೇ ಉಳಿಸಿಕೊಂಡು, ತಾವು ಜೋಡಣೆಯ ಹೊಣೆಯನ್ನಷ್ಟೇ ಹೊರುತ್ತಾರೆ.

ಒಡನಾಟವು ಒಂದು ತಲೆಮಾರಿನಾಚೆ ಬಾಳಬೇಕಾದರೆ ಅದಕ್ಕೊಂದು ಆಸರೆ ಬೇಕಾಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಈ ಅರಿವಿನಿಂದಲೇ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು ಅವರ ಆಶ್ರಯದಲ್ಲಿ ಬೆಳೆದು, ಕರ್ನಾಟಕಿ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಕೈವಶ ಮಾಡಿಕೊಂಡು, ತಮ್ಮಂಥ ಅನೇಕ ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅದರ ಫಲ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಗೆಳೆಯರ ಗುಂಪಿನಲ್ಲಿ ಬೇಂದ್ರೆ, ಆನಂದಕಂದ, ರಂ. ಶ್ರೀ. ಮುಗಳಿ ಮೊದಲಾದವರ ಜೊತೆಗೂಡಿ ಬೆಳೆದದ್ದು ಇದೇ ಪರಂಪರೆಯ ಆಧುನಿಕ ರೂಪ. ಒಬ್ಬರ ಕವಿತೆಯನ್ನು ಉಳಿದವರು ಮನಸಾರೆ ಕೇಳುವ ಆ ಗೆಳೆತನದಲ್ಲಿ ಗೋಕಾಕರ ವಿನಾಯಕ, ಬೇಂದ್ರೆಯವರ ಅಂಬಿಕಾತನಯದತ್ತ, ಮುಗಳಿಯವರ ರಸಿಕರಂಗ ಎಂಬ ಕಾವ್ಯನಾಮಗಳು ಒಬ್ಬರ ದನಿ ಇನ್ನೊಬ್ಬರದರಲ್ಲಿ ಕಳೆದುಹೋಗದಂತೆ ನೋಡಿಕೊಂಡವು.

ಇಂದು ಬರೆಯುವವರಿಗೆ ಒಬ್ಬರನ್ನೊಬ್ಬರು ತಲುಪುವ ದಾರಿಗಳು ಹೆಚ್ಚಿವೆ, ಕೂಡಿ ಬರೆಯುವ ಉತ್ಸಾಹವೂ ಹೆಚ್ಚಿದೆ. ಆ ಕೂಟ ಪರಸ್ಪರ ಹೊಗಳಿಕೆಯ ವಿನಿಮಯಕ್ಕೆ ಇಳಿಯಬಾರದೆಂದರೆ, ಈ ನಾಲ್ಕು ತಾಲೂಕುಗಳ ಪರಂಪರೆ ಕಲಿಸುವ ಶಿಸ್ತು ಅನಿವಾರ್ಯ: ಇನ್ನೊಬ್ಬರಿಂದ ಪಡೆದದ್ದನ್ನು ಹೆಸರಿಟ್ಟು ಹೇಳಬೇಕು, ತನ್ನ ಮಾತು ಇನ್ನೊಬ್ಬರ ಕೈಯಲ್ಲಿ ತಿದ್ದುಪಾಟಾಗುವುದನ್ನು ಸಹಿಸಬೇಕು, ಭಿನ್ನ ಮತದವರಿಗೆ ಬಾಗಿಲು ತೆರೆದಿರಬೇಕು, ಮತ್ತು ಹೊರಬಂದ ಮಾತಿಗೆ ತಾನು ಉತ್ತರ ಕೊಡಲು ಸಿದ್ಧನಿರಬೇಕು. ಇವುಗಳಲ್ಲಿ ಮೊದಲ ಮೂರು ಒಡೆತನವನ್ನು ಸಡಿಲಿಸುತ್ತವೆ, ನಾಲ್ಕನೆಯದು ಹೊಣೆಯನ್ನು ಬಿಗಿಗೊಳಿಸುತ್ತದೆ. ಈ ಎರಡೂ ಒಟ್ಟಿಗೆ ನೆಲೆಗೊಂಡಾಗ ಮಾತ್ರ ಹಲವರು ಕೂಡಿ ಕಟ್ಟಿದ ನುಡಿಯು, ಒಬ್ಬನೇ ಕುಳಿತು ಕಟ್ಟಿದ ನುಡಿಗಿಂತ ಸತ್ಯಕ್ಕೆ ಹತ್ತಿರವಾಗುತ್ತದೆ.