ಹಾಕಿದ ಊಟ, ಬಡಿಸಿದ ಊಟ

ಅನ್ನ ಕೊಡುವ ಕೆಲಸಕ್ಕೆ ಕನ್ನಡದಲ್ಲಿ ಇರುವುದು ಒಂದೇ ಮಾತಲ್ಲ. ದನಕ್ಕೆ ಹುಲ್ಲು ಹಾಕುತ್ತೇವೆ, ಮಗುವಿಗೆ ಉಣಿಸುತ್ತೇವೆ, ಮನೆಗೆ ಬಂದವರಿಗೆ ಬಡಿಸುತ್ತೇವೆ. ‘ನೂರು ಜನಕ್ಕೆ ಊಟ ಹಾಕಿದ’ ಎಂದು ಹೊಗಳುವುದೂ ಉಂಟು, ನಿಜ. ಆದರೆ ಆ ಹೊಗಳಿಕೆಯೆಲ್ಲ ಹಾಕಿದವನ ಪಾಲು. ಉಂಡ ನೂರು ಜನರ ಮುಖ ಅದರಲ್ಲಿ ಕಾಣಿಸುವುದಿಲ್ಲ. ಬಡಿಸುವುದು ಹಾಗಲ್ಲ. ಬಡಿಸುವವರು ಎಲೆ ನೋಡಬೇಕು, ಎಲೆಯ ಮುಂದೆ ಕುಳಿತವರ ಮುಖ ನೋಡಬೇಕು, ‘ಇನ್ನು ಸ್ವಲ್ಪ?’ ಎಂದು ಕೇಳಬೇಕು, ಅಡ್ಡ ಬಂದ ಕೈಗೆ ಬೆಲೆ ಕೊಡಬೇಕು. ವೃದ್ಧಾಶ್ರಮಗಳಲ್ಲಿ ನಮ್ಮ ಹಿರಿಯರು ಉಣ್ಣುವುದು ಹಾಕಿದ ಊಟವನ್ನೋ ಬಡಿಸಿದ ಊಟವನ್ನೋ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. 2011ರ ಜನಗಣತಿಯ ವೇಳೆಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮಿಕ್ಕಿದ್ದರು. 2007ರಲ್ಲಿ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾಯಿದೆ ಮಾಡಿತು. ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ಅದು ವಿವರಿಸಿತು; ಜಿಲ್ಲೆಗೆ ಒಂದಾದರೂ ಆಶ್ರಮವಿದ್ದು ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಎಡೆ ಸಿಕ್ಕಬೇಕೆಂಬ ದಾರಿಯನ್ನೂ ರಾಜ್ಯಗಳಿಗೆ ತೋರಿಸಿತು. ಒಳ್ಳೆಯದೇ ಆಯಿತು. ಆದರೆ ಅನ್ನ ಸಿಕ್ಕಿತೇ ಎಂದು ಮಾತ್ರ ಕಾನೂನು ಕೇಳಬಲ್ಲದು. ರುಚಿಸಿತೇ ಎಂದು ಕೇಳಲಾರದು. ಅದನ್ನು ಕೇಳಬೇಕಾದವರು ಮನುಷ್ಯರು.

ವಯಸ್ಸಾದವರು ಊಟ ಬಿಟ್ಟರೆ ‘ಮುದಿತನ, ಹಸಿವೆಯಿಲ್ಲ’ ಎಂದುಬಿಡುವುದು ಸುಲಭ. ಅದರಲ್ಲಿ ಸತ್ಯಾಂಶವೂ ಇದೆ. ಮುಪ್ಪಿನಲ್ಲಿ ಮೂಗು ಮಂದವಾಗುತ್ತದೆ. ಮೂಗು ಮಂದವಾದರೆ ನಾಲಗೆಗೂ ಅರ್ಧ ರುಚಿ ತಪ್ಪಿತು. ಬಾಯಾರಿಕೆ ಮೊದಲಿನಂತೆ ತಿಳಿಯುವುದಿಲ್ಲ. ಹಲ್ಲು ಹೋಗಿರುತ್ತದೆ, ಕೆಲವು ಔಷಧಿಗಳಿಂದ ಬಾಯಿ ಒಣಗುತ್ತದೆ. ಆದರೆ ಇವೆಲ್ಲ ಊಟವನ್ನು ಹೆಚ್ಚು ಅಕ್ಕರೆಯಿಂದ ಮಾಡುವುದಕ್ಕೆ ಕಾರಣವಾಗಬೇಕೇ ಹೊರತು, ಸಪ್ಪೆಯಾಗಿ ಮಾಡಿ ಬಿಡುವುದಕ್ಕಲ್ಲ. ಕೊತ್ತಂಬರಿ, ಜೀರಿಗೆ, ಇಂಗಿನ ಒಗ್ಗರಣೆ, ಹಿಂಡಿದ ನಿಂಬೆಹಣ್ಣು: ಇವುಗಳಿಗೆ ಖರ್ಚಾಗುವ ಹಣವೆಷ್ಟು?

ಎಷ್ಟೋ ಬಾರಿ ಹಸಿವೆಯನ್ನು ಕೆಡಿಸುವುದು ಅಡಿಗೆಯೂ ಅಲ್ಲ, ಗಡಿಯಾರ. ಅಡಿಗೆಯವರು ಮನೆಗೆ ಹೋಗಬೇಕೆಂದು ಸಂಜೆ ಆರೂವರೆಗೇ ಊಟ ಮುಗಿಸುವ ಕಡೆ, ಬೆಳಗಿನ ಎಂಟೂವರೆಯ ತಿಂಡಿಯವರೆಗೆ ಹದಿನಾಲ್ಕು ಗಂಟೆ ಹೊಟ್ಟೆ ಬರಿದು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಶುಶ್ರೂಷಾಲಯಗಳಿಗೆ ಒಂದು ನಿಯಮವಿದೆ: ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ನಡುವೆ 14 ಗಂಟೆಗಿಂತ ಹೆಚ್ಚು ಅಂತರ ಕೂಡದು; 16 ಗಂಟೆಯವರೆಗೆ ಹೋಗುವುದಾದರೆ ಮಲಗುವ ಮುನ್ನ ಪುಷ್ಟಿಯ ಆಹಾರ ಕೊಡಬೇಕು, ಅದಕ್ಕೆ ಅಲ್ಲಿ ವಾಸಿಸುವವರೂ ಒಪ್ಪಿರಬೇಕು. ಈ ಕೊನೆಯ ಮಾತೇ ಮುಖ್ಯ. ಊಟದ ಹೊತ್ತನ್ನು ಗೊತ್ತುಮಾಡುವಾಗ ಉಣ್ಣುವವರನ್ನೂ ಕೇಳಬೇಕು ಎಂಬ ಅರಿವು ಅಲ್ಲಿದೆ.

ಕ್ರಮ ಬದಲಾದರೆ ದೇಹವೂ ಬದಲಾಗುತ್ತದೆಂಬುದಕ್ಕೆ ಆಧಾರವುಂಟು. ನೆದರ್ಲೆಂಡ್ಸಿನ ಐದು ಶುಶ್ರೂಷಾಲಯಗಳ 178 ಮಂದಿ ನಿವಾಸಿಗಳ ಮೇಲೆ ಆರು ತಿಂಗಳು ನಡೆದ ಪರೀಕ್ಷೆಯೊಂದರ ವರದಿ 2006ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಕೆಲವರಿಗೆ ಎಂದಿನಂತೆ ತಟ್ಟೆಯಲ್ಲಿ ತುಂಬಿಸಿದ ಊಟ ಬಂತು. ಉಳಿದವರಿಗೆ ಮೇಜಿಗೆ ಬಟ್ಟೆ ಹಾಸಿ, ಪಾತ್ರೆಗಳನ್ನು ಮಧ್ಯದಲ್ಲಿಟ್ಟು, ಬೇಕಾದ್ದನ್ನು ಆರಿಸಿಕೊಳ್ಳಲು ಬಿಟ್ಟರು. ನೋಡಿಕೊಳ್ಳುವವರೂ ಜೊತೆಗೆ ಕುಳಿತರು. ಮೊದಲನೆಯವರ ತೂಕ, ಕಸುವು, ಬಾಳಿನ ನೆಮ್ಮದಿ ಇಳಿದಾಗ ಎರಡನೆಯವರದು ನಿಂತಿತು. ನಮಗೆ ಇದು ಹೊಸದಾಗಬಾರದು. ಪಂಕ್ತಿಯೆಂಬುದು ನಮ್ಮ ಊರುಗಳ ಹಳೆಯ ವಿದ್ಯೆ.

ಈಗ ಕಷ್ಟದ ಪ್ರಶ್ನೆ. ಎಂಬತ್ತೈದು ವರ್ಷದ ಅಜ್ಜಿಯೊಬ್ಬರಿಗೆ ರಕ್ತದೊತ್ತಡ. ಉಪ್ಪಿನಕಾಯಿ ಕೂಡದೆಂದು ವೈದ್ಯರು ಹೇಳಿದ್ದಾರೆ ಎನ್ನೋಣ. ಮಾವಿನ ಮಿಡಿಯಿಲ್ಲದೆ ಅವರಿಗೆ ಮೊಸರನ್ನ ಇಳಿಯದು. ಯಾರ ಮಾತು ನಡೆಯಬೇಕು? ನೋಡಿಕೊಳ್ಳುವವರ ಭಯವನ್ನು ಹಗುರಾಗಿ ಕಾಣಬಾರದು. ಏನಾದರೂ ಆದರೆ ಉತ್ತರ ಹೇಳಬೇಕಾದವರು ಅವರು. ಆದರೆ ಪಥ್ಯ ಇರುವುದು ಏತಕ್ಕೆ? ಬಾಳಿಗಾಗಿ. ಪಥ್ಯದ ದೆಸೆಯಿಂದ ಅಜ್ಜಿ ತಟ್ಟೆಯನ್ನೇ ದೂಡಿ ದಿನದಿನಕ್ಕೆ ಸೊರಗುವುದಾದರೆ, ಪಥ್ಯ ತನ್ನ ಕೆಲಸವನ್ನೇ ಕೆಡಿಸಿಕೊಂಡಂತಾಯಿತು. ಅತಿ ವೃದ್ಧರಿಗೆ ಆಹಾರದ ಕಟ್ಟುಗಳನ್ನು ಸಡಿಲಿಸುವುದರಿಂದ ಪುಷ್ಟಿಯೂ ನೆಮ್ಮದಿಯೂ ಹೆಚ್ಚಬಹುದೆಂದು ಅಮೆರಿಕದ ಆಹಾರತಜ್ಞರ ಸಂಘವೇ 2010ರಲ್ಲಿ ಹೇಳಿತು.

ಹಾಗೆಂದು ಎಲ್ಲರಿಗೂ ಎಲ್ಲವೂ ಎಂದಲ್ಲ. ನುಂಗುವುದೇ ಕಷ್ಟವಾದವರಿಗೆ ಅನ್ನ ಶ್ವಾಸನಾಳಕ್ಕೆ ಸರಿದರೆ ಪ್ರಾಣಕ್ಕೇ ಅಪಾಯ. ಅಲ್ಲಿ ಮೆತ್ತಗಿನ ಊಟವೇ ಸರಿ. ಆದರೂ ಸಾರು, ಪಲ್ಯ, ಅನ್ನ ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಬೂದುಬಣ್ಣದ ಮುದ್ದೆ ಮಾಡಬೇಕೆಂದು ಯಾವ ವೈದ್ಯರೂ ಬರೆದುಕೊಟ್ಟಿರುವುದಿಲ್ಲ. ಒಂದೊಂದನ್ನೂ ಬೇರೆಬೇರೆ ಅರೆದು ಬಟ್ಟಲಲ್ಲಿಟ್ಟರೆ ಅದು ಇನ್ನೂ ಊಟವೇ. ಪಥ್ಯ ಹೇಳುವುದು ವೈದ್ಯರ ಧರ್ಮ; ತಿಳಿವಳಿಕೆಯುಳ್ಳವರಿಗೆ ಸಾಧಕಬಾಧಕಗಳನ್ನು ಬಿಡಿಸಿ ಹೇಳಿದ ಮೇಲೆ, ಒಪ್ಪುವುದು ಬಿಡುವುದು ಅವರ ಅಧಿಕಾರ. ಮರೆವಿನ ರೋಗದವರು ಬಾಯಲ್ಲಿ ಹೇಳಲಾರರು. ಆದರೆ ಮುಚ್ಚಿದ ತುಟಿ, ತಿರುಗಿಸಿದ ಮುಖ ಇವೂ ಮಾತೇ. ಹಿಂದೆ ನಿಂತು ಅವಸರದಲ್ಲಿ ಚಮಚ ತುರುಕುವವರಿಗೆ ಆ ಮಾತು ಕೇಳಿಸದು. ಎದುರಿಗೆ, ಅವರಷ್ಟೇ ಎತ್ತರದಲ್ಲಿ ಕುಳಿತು, ಒಂದು ತುತ್ತು ಇಳಿಯುವವರೆಗೆ ಕಾಯುವವರಿಗೆ ಕೇಳಿಸುತ್ತದೆ.

ಇನ್ನೊಂದು ಸಂಗತಿ ಹೊರಗಿನವರಾದ ನಮಗೆ ಸೇರಿದ್ದು. ಹುಟ್ಟುಹಬ್ಬಕ್ಕೆ, ತೀರಿಹೋದವರ ನೆನಪಿಗೆ ಆಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವುದು ನಗರದಲ್ಲಿ ರೂಢಿಯಾಗಿದೆ. ಉದ್ದೇಶ ಒಳ್ಳೆಯದು. ಆದರೆ ದಾನಿಗಳು ಬರುವವರೆಗೆ ತಟ್ಟೆಯ ಮುಂದೆ ಕಾಯಿಸುವುದು, ಫೋಟೋ ಮುಗಿಯುವವರೆಗೆ ಒಬ್ಬಟ್ಟನ್ನು ಮುಟ್ಟದಂತೆ ಕೂರಿಸುವುದು, ಉಂಡಮೇಲೆ ಹರಸಬೇಕೆಂದು ನಿರೀಕ್ಷಿಸುವುದು, ಇವು ಉಣ್ಣುವವರನ್ನು ನಮ್ಮ ಪುಣ್ಯದ ಸಾಮಗ್ರಿಯಾಗಿ ಮಾಡುತ್ತವೆ. ಹನ್ನೆರಡನೆಯ ಶತಮಾನದ ಶರಣರು ದಾನಕ್ಕಿಂತ ದಾಸೋಹವೆಂಬ ಮಾತನ್ನು ದೊಡ್ಡದು ಮಾಡಿದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಟ್ಟವನು ದೊಡ್ಡವನು. ದಾಸೋಹದಲ್ಲಿ ಕೊಡುವವನು ದಾಸ. ಫೋಟೋ ಬಿಟ್ಟು, ತಾವೇ ಬಡಿಸಿ, ಅದೇ ಸಾಲಿನಲ್ಲಿ ಕುಳಿತು ಉಂಡರೆ ಆ ದಿನದ ಊಟಕ್ಕೆ ಬೇರೆಯೇ ರುಚಿ. ಭಾನುವಾರ ಸಿಹಿಯ ಪೊಟ್ಟಣ ಕೊಟ್ಟು ಗಡಿಯಾರ ನೋಡುತ್ತಾ ಹೊರಡುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ಆಶ್ರಮದ ಹೆಂಗಸರನ್ನು ಕುರಿತು ಒಂದು ಮಾತು. ಅವರಲ್ಲಿ ಬಹುಮಂದಿ ಐವತ್ತು ಅರವತ್ತು ವರ್ಷ ಇತರರಿಗೆ ಬಡಿಸಿ, ಕೊನೆಗೆ ತಾವು ಉಂಡವರು. ಅನ್ನ ಕೊಡುವುದೇ ಅವರಿಗೆ ಮನೆಯಲ್ಲಿದ್ದ ಸ್ಥಾನ. ಈಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಹೋದದ್ದು ಮನೆಯೊಂದೇ ಅಲ್ಲ, ಆ ಸ್ಥಾನವೂ ಹೋಯಿತು. ಅವರೆಕಾಯಿಯ ಕಾಲದಲ್ಲಿ ಒಂದು ಮೊರ ಕಾಳನ್ನು ಅವರ ಮುಂದಿಟ್ಟು, ‘ಹಿತಕಿ ಕೊಡಿ ಅಮ್ಮ, ನಾಳೆ ಹುಳಿಗೆ ಬೇಕು’ ಎಂದು ಕೇಳಿ ನೋಡಬೇಕು. ಮರುದಿನ ಆ ಹುಳಿಯಲ್ಲಿ ಉಪ್ಪು ಕಡಿಮೆಯೆಂದು ಅವರೇ ತಪ್ಪು ಹಿಡಿಯುತ್ತಾರೆ. ತಪ್ಪು ಹಿಡಿಯಲಿ, ಊಟ ತಮ್ಮದು ಎಂದುಕೊಂಡವರು ಮಾತ್ರ ತಪ್ಪು ಹಿಡಿಯುತ್ತಾರೆ.

ಹಣವಿಲ್ಲ, ಆಳಿಲ್ಲ ಎಂದು ಆಶ್ರಮ ನಡೆಸುವವರು ಹೇಳಬಹುದು. ಸುಳ್ಳಲ್ಲ. ಆದರೆ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಬೇಕಾದದ್ದು ಹಣವಲ್ಲ, ಕೇಳುವ ಅಭ್ಯಾಸ. ನಾಳೆ ಏನು ಮಾಡೋಣ, ಮುದ್ದೆಯೋ ಅನ್ನವೋ, ಎಷ್ಟು ಹೊತ್ತಿಗೆ ಬಡಿಸೋಣ, ಯಾರ ಪಕ್ಕದಲ್ಲಿ ಕೂರುತ್ತೀರಿ? ಹೇಳಿದ್ದೆಲ್ಲವನ್ನೂ ನಡೆಸಿಕೊಡಲು ಆಗದಿರಬಹುದು, ಮನೆಯಲ್ಲೂ ಆಗುವುದಿಲ್ಲ. ಕೇಳಿದರೆಂಬುದೇ ಅರ್ಧ ಊಟ. ಮಾತುಕೊಟ್ಟ ಮಕ್ಕಳು ಬರದಿದ್ದರೂ, ಕಣ್ಣು ಕಾಣದಿದ್ದರೂ, ‘ಸಾಕು’ ಎಂದಾಗ ಬಡಿಸುವ ಕೈ ನಿಲ್ಲುವುದಾದರೆ, ‘ಇನ್ನು ಸ್ವಲ್ಪ’ ಎಂದಾಗ ಮುಂದೆ ಬರುವುದಾದರೆ, ಮನುಷ್ಯನಿಗೆ ತಾನಿನ್ನೂ ಲೆಕ್ಕದಲ್ಲಿದ್ದೇನೆ ಎನ್ನಿಸುತ್ತದೆ. ಹೊಟ್ಟೆಯ ಹಸಿವೆಗಿಂತ ಹಳೆಯದಲ್ಲದಿದ್ದರೂ, ಆ ಹಸಿವೆಯೂ ಸಣ್ಣದಲ್ಲ.