ಜಾಫರ್‌(ರ)ರ ಮನೆಯ ಮಕ್ಕಳು



ಊರಿನ ಒಬ್ಬ ಯುವಕ ತೀರಿಕೊಂಡಾಗ ಮಸೀದಿಯ ಅಂಗಳ ತುಂಬಿ ಹೋಗುತ್ತದೆ. ಅವನು ಹತ್ತು ಮಂದಿಗೆ ಬೇಕಾದವನಾಗಿದ್ದರಂತೂ ಹೇಳುವುದೇ ಬೇಡ. ಖಬರ್ ತೋಡಲು ಅವನೇ ಮುಂದು. ನಡುರಾತ್ರಿ ಆಸ್ಪತ್ರೆಯಲ್ಲಿ ಯಾರಿಗೋ ರಕ್ತ ಬೇಕೆಂದರೆ ಓಡುವವನೂ ಅವನೇ. ಮನೆಯಲ್ಲಿ ವಯಸ್ಸಾದ ತಾಯಿ, ಮದುವೆಗೆ ಬಂದ ತಂಗಿ, ಎಳೆಯ ಮಕ್ಕಳು, ಎಲ್ಲರೂ ಅವನ ದುಡಿಮೆಯ ಮೇಲೆಯೇ. ಜನಾಝ ಮುಗಿದ ಮೇಲೆ ನಾವೆಲ್ಲ ಕಣ್ಣೊರೆಸಿಕೊಂಡು, ಎಂತಹ ಒಳ್ಳೆಯ ಹುಡುಗನಾಗಿದ್ದ ಎಂದು ಮಾತಾಡಿಕೊಳ್ಳುತ್ತಾ ಮನೆಗೆ ಮರಳುತ್ತೇವೆ. ನಾನು ಕೇಳಬೇಕೆಂದಿರುವುದು ಅದರ ನಂತರದ ಮಾತು. ಅವನು ಹೊತ್ತಿದ್ದ ಹೊರೆಯನ್ನು ಮರುದಿನ ಬೆಳಿಗ್ಗೆಯಿಂದ ಯಾರು ಹೊರಬೇಕು?

ಪ್ರವಾದಿವರ್ಯರ(ಸ) ಮನೆತನದಲ್ಲೇ ಇಂತಹ ಒಂದು ಸಾವು ಸಂಭವಿಸಿತ್ತು. ಅವರ ದೊಡ್ಡಪ್ಪ ಅಬೂತಾಲಿಬರ ಮಗ ಹ. ಜಾಫರ್‌(ರ)ರದ್ದು.

ಜಾಫರ್(ರ) ಚಿಕ್ಕವರಿದ್ದಾಗ ಮಕ್ಕಾದಲ್ಲಿ ಬರ ಬಂದಿತ್ತು. ಅಬೂತಾಲಿಬರದ್ದು ದೊಡ್ಡ ಸಂಸಾರ, ಕೈಯಲ್ಲಿ ಹಣವಿಲ್ಲ. ಆಗ ಪ್ರವಾದಿವರ್ಯರು(ಸ) ಅಲಿ(ರ)ಯನ್ನು ತಮ್ಮ ಮನೆಗೆ ಕರೆದೊಯ್ದರು, ಹ. ಅಬ್ಬಾಸರು(ರ) ಜಾಫರರನ್ನು ಕರೆದೊಯ್ದು ಸಾಕಿದರು. ಇನ್ನೊಬ್ಬರ ಮನೆಯ ಅನ್ನವುಂಡು ಬೆಳೆದ ಹುಡುಗ ಅವರು. ಹಸಿದವನ ಮುಖ ಅವರಿಗೆ ಅಷ್ಟು ಬೇಗ ಗುರುತು ಸಿಗುತ್ತಿದ್ದುದು ಅದರಿಂದಲೇ ಇರಬಹುದೆಂದು ನನಗೆ ಅನಿಸುತ್ತದೆ.

ಕ್ರಿ.ಶ. 615ರ ಸುಮಾರಿಗೆ, ಕುರೈಶರ ಹಿಂಸೆ ತಾಳಲಾರದೆ ಮುಸ್ಲಿಮರು ಅಬಿಸೀನಿಯಕ್ಕೆ ಹಿಜ್ರತ್ ಹೊರಟಾಗ ಅವರು ಪತ್ನಿ ಅಸ್ಮಾ ಬಿಂತಿ ಉಮೈಸ್‌(ರ)ರೊಂದಿಗೆ ಹೋದರು. ನಜಾಶಿ ದೊರೆಯ ಆಸ್ಥಾನದಲ್ಲಿ ಎಲ್ಲರ ಪರವಾಗಿ ಎದ್ದು ನಿಂತು ಮಾತಾಡಿದವರು ಈ ಯುವಕನೇ. ಆ ಕಥೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು, ಇಲ್ಲಿ ಮತ್ತೆ ಹೇಳುವುದಿಲ್ಲ. ಅವರ ಮಕ್ಕಳು ಹುಟ್ಟಿದ್ದು ಅಲ್ಲಿಯೇ. ಕ್ರಿ.ಶ. 628ರಲ್ಲಿ, ಖೈಬರ್ ವಿಜಯದ ಹೊತ್ತಿಗೆ, ಅವರು ಹಿಂದಿರುಗಿದರು. ಖೈಬರ್ ಗೆದ್ದ ಸಂತೋಷ ಹೆಚ್ಚೋ ಜಾಫರ್ ಬಂದ ಸಂತೋಷ ಹೆಚ್ಚೋ ತಿಳಿಯದೆಂದು ಪ್ರವಾದಿವರ್ಯರು(ಸ) ಹೇಳಿದರಂತೆ.

ಮದೀನದಲ್ಲಿ ಅವರು ಬಾಳಿದ್ದು ಹೆಚ್ಚೆಂದರೆ ಒಂದೂಕಾಲು ವರ್ಷ. ಅಷ್ಟರಲ್ಲೇ ಬಡವರ ತಂದೆ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಹ. ಅಬೂಹುರೈರರು(ರ) ಆಗ ಮಸೀದಿಯ ಸುಫ್ಫಾದಲ್ಲಿ ಹಸಿದು ಮಲಗುತ್ತಿದ್ದ ಕಾಲ. ಬಡವರ ಪಾಲಿಗೆ ಜಾಫರ್‌ಗಿಂತ ಒಳ್ಳೆಯವರಿರಲಿಲ್ಲ ಎಂದು ಅವರು ಮುಂದೆ ನೆನೆಯುತ್ತಿದ್ದರು. ಜಾಫರ್ ಅವರನ್ನು ಮನೆಗೆ ಕರೆದೊಯ್ಯುತ್ತಿದ್ದರು, ಮನೆಯಲ್ಲಿ ಏನಿದೆಯೋ ಅದನ್ನೇ ಉಣಬಡಿಸುತ್ತಿದ್ದರು. ಏನೂ ಇಲ್ಲದ ದಿನ ತುಪ್ಪದ ಬರಿದಾದ ಚರ್ಮದ ಚೀಲವನ್ನೇ ತಂದುಕೊಡುತ್ತಿದ್ದರು. ಅದನ್ನು ಸೀಳಿ, ಒಳಗೆ ಅಂಟಿಕೊಂಡದ್ದನ್ನು ಅವರೆಲ್ಲ ನೆಕ್ಕುತ್ತಿದ್ದರು. ಸಹೋದರರೇ, ಕೊಡಲು ಏನೂ ಇಲ್ಲವೆಂದು ಬಾಗಿಲು ಮುಚ್ಚುವುದು ಸುಲಭ. ಖಾಲಿ ಚೀಲವನ್ನು ನಾಚಿಕೆಯಿಲ್ಲದೆ ಮುಂದಿಡಲು ಬೇರೆಯೇ ಹೃದಯ ಬೇಕು.

ಕ್ರಿ.ಶ. 629ರಲ್ಲಿ, ಈಗಿನ ಜೋರ್ಡಾನಿನಲ್ಲಿರುವ ಮೂತಾದಲ್ಲಿ, ಧ್ವಜ ಹಿಡಿದಿದ್ದ ಅವರು ಹುತಾತ್ಮರಾದರು. ಪ್ರಾಯ ಮೂವತ್ತಮೂರು ಎನ್ನುವವರಿದ್ದಾರೆ, ನಲವತ್ತು ಎನ್ನುವವರೂ ಇದ್ದಾರೆ. ಎರಡು ಕೈಗಳನ್ನೂ ಕಳೆದುಕೊಂಡಿದ್ದ ಅವರ ದೇಹದ ಮೇಲೆ ತೊಂಬತ್ತಕ್ಕೂ ಮಿಕ್ಕಿದ ಗಾಯಗಳಿದ್ದವೆಂದು ಅಲ್ಲಿದ್ದ ಇಬ್ನು ಉಮರ್(ರ) ವರದಿ ಮಾಡಿದ್ದಾರೆ.

ಇನ್ನು ಮದೀನದ ಮನೆಯನ್ನು ನೋಡೋಣ. ಆ ದಿನ ಅಸ್ಮಾ(ರ) ಹಿಟ್ಟು ನಾದಿಟ್ಟು, ಮಕ್ಕಳಿಗೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿದ್ದರು. ಪ್ರವಾದಿವರ್ಯರು(ಸ) ಬಂದು ಜಾಫರರ ಮಕ್ಕಳನ್ನು ಕರೆಯಲು ಹೇಳಿದರು. ಅವರನ್ನು ಹತ್ತಿರ ಎಳೆದುಕೊಂಡು ಮೂಸಿದರು. ಕಣ್ಣಲ್ಲಿ ನೀರು ಹರಿಯಿತು. ಆ ತಾಯಿಗೆ ಬೇರೆ ಮಾತು ಬೇಕಾಗಲಿಲ್ಲ, ಆದರೂ ಕೇಳಿದರು. ಹೌದೆಂಬ ಉತ್ತರ ಬಂತು.

ಅಲ್ಲಿಂದ ಹೊರಟ ಪ್ರವಾದಿವರ್ಯರು(ಸ) ತಮ್ಮ ಮನೆಯವರಿಗೆ ಮೊದಲು ಹೇಳಿದ್ದೇ ಅಡುಗೆಯ ವಿಷಯ. ಜಾಫರರ ಮನೆಯವರು ದುಃಖದಲ್ಲಿ ಮುಳುಗಿದ್ದಾರೆ, ಅವರಿಗೆ ಆಹಾರ ಸಿದ್ಧಪಡಿಸಿ ಎಂದರು. ನಮ್ಮಲ್ಲಿ ಹೇಗಿದೆ? ಮಯ್ಯಿತ್ ಮನೆಯವರೇ ಸಾಲ ಮಾಡಿ, ಶಾಮಿಯಾನ ಹಾಕಿಸಿ, ಬಂದವರಿಗೆ ಬಿರಿಯಾನಿ ಬಡಿಸಬೇಕು. ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು, ಆಗಲಿ. ಯತೀಮರ ಪಾಲಿನ ಹಣದಿಂದ ಬೆಂದ ಆ ಅನ್ನವನ್ನು ನಾನೂ ಹಿಂದೆ ಯೋಚಿಸದೆ ಉಂಡಿದ್ದೇನೆ. ಈಗ ಗಂಟಲಲ್ಲಿ ಇಳಿಯುವುದಿಲ್ಲ.

ಮೂರು ದಿನ ಅಳಲು ಬಿಟ್ಟು ಪ್ರವಾದಿವರ್ಯರು(ಸ) ಮತ್ತೆ ಬಂದರು. ತನ್ನ ಸಹೋದರನಿಗಾಗಿ ಇನ್ನು ಅಳುವುದು ಬೇಡವೆಂದರು. ಮಕ್ಕಳನ್ನು ಕರೆಸಿದರು, ಕೂದಲು ಕೆದರಿದ ಮರಿಹಕ್ಕಿಗಳಂತಿದ್ದರಂತೆ. ಕ್ಷೌರಿಕನನ್ನು ಬರಹೇಳಿ ತಲೆ ಬೋಳಿಸಿದರು. ನೋಡಿ, ಒಂದು ಸಮುದಾಯದ ನಾಯಕರಿಗೆ ಮಕ್ಕಳ ತಲೆಗೂದಲಿನ ನೆನಪಿತ್ತು! ಒಬ್ಬ ಹುಡುಗ ಅಬೂತಾಲಿಬರಂತಿದ್ದಾನೆ, ಅಬ್ದುಲ್ಲಾ ರೂಪದಲ್ಲೂ ಸ್ವಭಾವದಲ್ಲೂ ತನ್ನಂತಿದ್ದಾನೆ ಎಂದರು. ಅಬ್ದುಲ್ಲಾನ ಕೈ ಹಿಡಿದೆತ್ತಿ, ಇವನ ವ್ಯಾಪಾರದಲ್ಲಿ ಬರಕತ್ ನೀಡೆಂದು ದುಆ ಮಾಡಿದರು. ತಾಯಿ ಮಕ್ಕಳ ಅನಾಥ ಸ್ಥಿತಿಯನ್ನು ತೋಡಿಕೊಂಡಾಗ, ಇಹಪರಗಳೆರಡರಲ್ಲೂ ಇವರ ಪೋಷಕನಾಗಿ ತಾನಿರುವಾಗ ಬಡತನದ ಭಯವೇಕೆ ಎಂದು ಕೇಳಿದರು.

ನಮ್ಮ ಮಹಲ್ಲಾದಲ್ಲಿ ಇದಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ ಕುಳಿತಿರುವ ಹೆಣ್ಣುಮಗಳ ಮನೆಗೆ ಅಕ್ಕಿ ತರುವವರು ಯಾರು? ಕಚೇರಿಯ ಕಾಗದಪತ್ರಗಳಿಗೆ ಅಲೆಯುವವರು ಯಾರು? ತೀರಿಕೊಂಡವನು ಅಂಗಡಿಯಲ್ಲಿ ಬಾಕಿ ಇಟ್ಟಿದ್ದರೆ ಆ ಲೆಕ್ಕ ಕೇಳಿದ್ದೀರಾ? ಸಾಲವಿದ್ದ ಒಬ್ಬರ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ನಿಲ್ಲದಿದ್ದಾಗ, ಆ ಸಾಲ ತನ್ನದೆಂದು ಮುಂದೆ ಬಂದವರು ಹ. ಅಬೂಕತಾದ(ರ). ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಆ ಮಕ್ಕಳ ಪುಸ್ತಕ ಚೀಲದ ಕಡೆ ಒಮ್ಮೆ ಕಣ್ಣು ಹಾಯಿಸಿ. ಖಬರಿನ ಬಳಿ ನಿಂತು ಅತ್ತವರಲ್ಲಿ ಒಬ್ಬರಾದರೂ ಆರು ತಿಂಗಳ ಮೇಲೆ ಆ ಬಾಗಿಲು ತಟ್ಟಬೇಕು.

ಅಬ್ದುಲ್ಲಾ ಬಿನ್ ಜಾಫರ್(ರ) ಬೆಳೆದು ಅರಬರಲ್ಲೇ ಹೆಸರಾದ ಉದಾರಿಯಾದರು. ಪ್ರವಾದಿವರ್ಯರು(ಸ) ಪ್ರಯಾಣದಿಂದ ಮರಳುವಾಗ ಎದುರುಗೊಳ್ಳಲು ಮನೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದರೆಂದು ಅವರೇ ಹೇಳಿದ್ದಾರೆ. ಒಮ್ಮೆ ತಾನು ಮೊದಲು ಸಿಕ್ಕಿದ್ದರಿಂದ ತನ್ನನ್ನೇ ಮುಂದೆ ಕೂರಿಸಿಕೊಂಡರಂತೆ. ಆಮೇಲೆ ಫಾತಿಮಾ(ರ)ರ ಮಗನೊಬ್ಬ ಬಂದಾಗ ಅವನನ್ನು ಹಿಂದೆ ಕೂರಿಸಿದರು. ಒಂದೇ ಸವಾರಿಯ ಮೇಲೆ ಮೂವರೂ ಮದೀನವನ್ನು ಪ್ರವೇಶಿಸಿದರು.