ಹಿರಿಯರ ಗೋಡೆಯೂ ಕಿರಿಯರ ಪಾಲೂ

ಹಿರಿಯರು ಕಟ್ಟಿದ ಶಾಲೆಯು ಇಂದಿನ ಮಕ್ಕಳಿಗೆ ಸಾಲದೆ ಹೋದರೆ ನಾವು ಯಾರಿಗೆ ಋಣಿಗಳು? ಕಟ್ಟಿ ತೀರಿಹೋದವರಿಗೋ, ಕಲಿಯಲು ಬಂದವರಿಗೋ? ಮುರಕಲ್ಲಿನ ಗೋಡೆಯೂ ಮಂಗಳೂರು ಹಂಚಿನ ಮಾಡೂ ಉಳ್ಳ ಹಳೇ ಶಾಲೆಗಳು ಕರಾವಳಿಯಲ್ಲಿ ಇನ್ನೂ ಉಂಟು. ಅವುಗಳನ್ನು ಕುರಿತು ಕೆಲವರು ಕೆಡವಿ ಹೊಸತು ಕಟ್ಟೋಣ ಅನ್ನುತ್ತಾರೆ. ಕೆಲವರು ಒಂದು ಕಲ್ಲನ್ನೂ ಮುಟ್ಟಬಾರದು ಅನ್ನುತ್ತಾರೆ. ಈ ಎರಡು ಮಾತುಗಳನ್ನೂ ತೂಗಿ ನೋಡುವದು ಒಳ್ಳೇದು.

ಕೆಡವಬೇಕೆನ್ನುವವರು ಮೊದಲು ಹಳೇ ಕಟ್ಟಡದ ಗುಣವನ್ನು ತಿಳಿಯಬೇಕು. ಬಾಸೆಲ್ ಮಿಶನಿನವರು 1860ರ ದಶಕದಲ್ಲಿ ಮಂಗಳೂರಿನ ಕಾರ್ಖಾನೆಯಲ್ಲಿ ಮಾಡಿಸತೊಡಗಿದ ಆ ಹಂಚಿನ ಸಂದುಗಳೊಳಗಿಂದ ಬಿಸಿಗಾಳಿಯು ಹೊರಟುಹೋಗುವದು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಮಳೆಗಾಲದಲ್ಲಿ ಗೋಡೆಯು ಹೀರಿದ ತೇವವನ್ನು ಸುಣ್ಣದ ಗಾರೆಯು ಬೇಸಿಗೆಯಲ್ಲಿ ಹೊರಗೆ ಬಿಡುವದು. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ನಿಂತು ಕಲ್ಲು ಕೆಡುವದು. ಆದದರಿಂದ ಅರಿಯದೆ ಜರೆಯುವದು ಬುದ್ಧಿಯಲ್ಲ.

ಮುಟ್ಟಬಾರದೆನ್ನುವವರಾದರೋ ಎತ್ತರದ ಜಗಲಿಯ ಮೆಟ್ಟಲುಗಳ ಬುಡದಲ್ಲಿ ಊರುಗೋಲು ಹಿಡಿದು ನಿಂತಿರುವ ಮಗುವನ್ನು ನೋಡಲಿ. ಆ ಮಗುವಿಗೆ ಜಗಲಿಯ ಅಂದದಿಂದ ಲಾಭವೇನು? ಅಡ್ಡಿಯಿಲ್ಲದ ಪ್ರವೇಶವೂ, ಉಪಾಧ್ಯಾಯರೊಬ್ಬರಿಗೆ ಒಂದರಂತಾದರೂ ಕೋಣೆಯೂ, ಕುಡಿಯುವ ನೀರೂ, ಗಂಡುಹೆಣ್ಣು ಮಕ್ಕಳಿಗೆ ಬೇರೆಬೇರೆ ಶೌಚಾಲಯವೂ ಇರಬೇಕೆಂದು ನಮ್ಮ ದೇಶದ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿದೆ. ಇದು ಉಪಕಾರವಲ್ಲ, ಮಕ್ಕಳ ಪಾಲು.

ಹಾಗಾದರೆ ನಡುದಾರಿ ಇಲ್ಲವೋ? ಉಂಟು. ಜಗಲಿಯ ಪಕ್ಕಕ್ಕೆ ಇಳಿಜಾರು ದಾರಿಯನ್ನು ಕಟ್ಟಬಹುದು. ಕತ್ತಲೆಯ ಕೋಣೆಗೆ ನಾಲ್ಕು ಗಾಜಿನ ಹಂಚು ಹೊದಿಸಬಹುದು. ಕಂಪ್ಯೂಟರಿಗೂ ಪ್ರಯೋಗಶಾಲೆಗೂ ಹಿಂದುಗಡೆ ಹೊಸ ಕೋಣೆಗಳನ್ನು ಸೇರಿಸಬಹುದು. ಹೀಗೆ ಸೇರಿಸಿದ್ದು ತನ್ನ ಕಾಲದ ಗುರುತನ್ನು ತೋರಿಸಬೇಕೆಂದು ಹಳೇ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ಪಟ್ಟಣದಲ್ಲಿ ಕೂಡಿದ ತಜ್ಞರು ನಿರ್ಣಯಿಸಿದರು. ಹೊಸ ಗೋಡೆಯು ಹಳೇದರ ವೇಷ ಹಾಕಿದರೆ ಅದು ನೋಡುವವರಿಗೆ ಹೇಳಿದ ಸುಳ್ಳೇ ಸರಿ. ಆದರೆ ಎಷ್ಟು ಯತ್ನಿಸಿದರೂ ಮಗುವಿನ ಕ್ಷೇಮಕ್ಕೆ ಅಡ್ಡವಾಗಿಯೇ ನಿಲ್ಲುವ ಗೋಡೆಯಿದ್ದರೆ, ಗೋಡೆಯೇ ದಾರಿ ಬಿಡಲಿ.

ಯಾಕಂದರೆ ಹಿರಿಯರು ಕಟ್ಟಿದ್ದು ನಾವು ನೋಡಿ ಮೆಚ್ಚಲಿ ಎಂದಲ್ಲ, ಮಕ್ಕಳು ಕಲಿಯಲಿ ಎಂದು. ಅವರ ಋಣವನ್ನು ಅವರಿಗೆ ತೀರಿಸುವದು ಆಗದ ಮಾತು, ಕಿರಿಯರಿಗೇ ತೀರಿಸಬೇಕು. ಆದಕಾರಣ ಶಾಲೆಯ ಕೆಲಸಕ್ಕೆ ಕೂಡಿಬರುವ ಊರವರೇ, ಹಾರೆಯನ್ನು ಎತ್ತುವ ಮುಂಚೆ ಈ ಗೋಡೆಯು ಏನು ಬಲ್ಲದೆಂದು ಕೇಳಿರಿ. ಎತ್ತಲಾರೆವೆನ್ನುವ ಮುಂಚೆ ಬಾಗಲ ಹೊರಗೆ ಯಾರು ನಿಂತಿದ್ದಾರೆಂದು ನೋಡಿರಿ.